ಮಕ್ಕಳ ಜೊತೆ ಕ್ರೂಸ್ ಹಡಗು ಹತ್ತುವ ಮುಂಚೆ ಟಿಪ್ಸ್ ಲೆಕ್ಕ ಹಾಕಿಕೊಳ್ಳುವುದು ಹೇಗೆ?

"ಗ್ರ್ಯಾಚುಯಿಟಿ ಅಂದ್ರೆ ರಿಟೈರ್ ಆದಾಗ ಬರೋ ರೊಕ್ಕ ಅಲ್ವಾ? ಅದನ್ನ ನಾವ್ಯಾಕೆ ಕಟ್ಟಬೇಕು?"

ಕ್ರೂಸ್ ಬುಕಿಂಗಿನ ಪ್ರಿಂಟ್ ಕೈಯಲ್ಲಿ ಹಿಡಿದು ನಮ್ಮ ಮಾವನವರು ಕೇಳಿದ ಮೊದಲ ಪ್ರಶ್ನೆ ಇದು. ಅವರು ಶಕ್ತಿನಗರದ ಥರ್ಮಲ್‌ನಲ್ಲಿ ದುಡಿದು ನಿವೃತ್ತರಾದವರು. ರಾಯಚೂರಿನ ನಮ್ಮ ಮನೆಯಲ್ಲಿ ಆ ಪದಕ್ಕೆ ಇದ್ದದ್ದು ಅದೊಂದೇ ಅರ್ಥ. ಹಡಗಿನವರ ಭಾಷೆಯಲ್ಲಿ ಅದೇ ಪದಕ್ಕೆ ಟಿಪ್ಸ್ ಅಂತ ಅರ್ಥ. ಕೋಣೆ ಚೊಕ್ಕ ಮಾಡುವವರು, ಊಟ ಬಡಿಸುವವರು, ಅಡುಗೆಮನೆಯಲ್ಲಿ ನಮ್ಮ ಕಣ್ಣಿಗೆ ಬೀಳದೆ ದುಡಿಯುವವರು, ಇವರೆಲ್ಲರಿಗೂ ಹಂಚಲು ಪ್ರಯಾಣಿಕರಿಂದ ದಿನದ ಲೆಕ್ಕದಲ್ಲಿ ತೆಗೆದುಕೊಳ್ಳುವ ಹಣ ಅದು.

ಹೈದರಾಬಾದಿನಿಂದ ವಿಮಾನದಲ್ಲಿ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ನಾಲ್ಕು ರಾತ್ರಿಯ ಹಡಗು ಹತ್ತಿದೆವು. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ನಮ್ಮ ಕಡೆ ಈಗ ಹಡಗಿನ ಪ್ರವಾಸಕ್ಕೆ ಹೋಗುವವರು ಜಾಸ್ತಿ ಆಗಿದ್ದಾರೆ. ವೀಸಾ, ಬಟ್ಟೆ, ವಾಂತಿ ಮಾತ್ರೆ ಎಲ್ಲ ವಿಚಾರಿಸುತ್ತಾರೆ. ಟಿಪ್ಸ್ ವಿಷಯ ಮಾತ್ರ ಹಡಗಿನೊಳಗೆ ಹೋದ ಮೇಲೆ ತಲೆನೋವಾಗುತ್ತದೆ. ಮಕ್ಕಳಿದ್ದರೆ ಇನ್ನೂ ಜಾಸ್ತಿ. ಅದಕ್ಕೇ ಮನೆಯಲ್ಲಿ ಕೂತೇ ಲೆಕ್ಕ ಮುಗಿಸಿಕೊಳ್ಳುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಲ್ಲಿನಲ್ಲಿ ಆ ಸಾಲು ಹುಡುಕಿ

ಟಿಕೆಟ್ ದರದ ಕೆಳಗೆ ಬಂದರು ಶುಲ್ಕ, ತೆರಿಗೆ ಅಂತ ಸಾಲುಗಳಿರುತ್ತವೆ. ಅವುಗಳ ಜೊತೆ 'ಗ್ರ್ಯಾಚುಯಿಟಿ' ಅಥವಾ 'ಸರ್ವೀಸ್ ಚಾರ್ಜ್' ಅಂತ ಇದೆಯಾ ನೋಡಿ. ಇದ್ದರೆ ನೀವು ಟಿಪ್ಸ್ ಆಗಲೇ ಕಟ್ಟಿದ್ದೀರಿ. ಇಲ್ಲದಿದ್ದರೆ ಎರಡು ಸಾಧ್ಯತೆ. ಒಂದು, ಹಡಗಿನಲ್ಲಿ ನಿಮ್ಮ ಖಾತೆಗೆ, ಅಂದರೆ ಅಲ್ಲಿನ ನಿಮ್ಮ ಖರ್ಚೆಲ್ಲ ಬರೆದಿಡುವ ಲೆಕ್ಕಕ್ಕೆ, ದಿನಾ ಸೇರಿಸುತ್ತಾ ಹೋಗುತ್ತಾರೆ. ಇನ್ನೊಂದು, ಟಿಕೆಟ್ ದರದಲ್ಲೇ ಸೇರಿಸಿಬಿಟ್ಟಿರುತ್ತಾರೆ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ ಕಂಪನಿ 2019ರಲ್ಲಿ ಹೀಗೆಯೇ ದಿನದ ಶುಲ್ಕವನ್ನು ತೆಗೆದುಹಾಕಿತು.

ಏಜೆಂಟರ ಮೂಲಕ ಬುಕ್ ಮಾಡಿದ್ದರೆ "ಎಲ್ಲಾ ಸೇರಿದೆ ಮೇಡಂ" ಅನ್ನುವ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ. ಗ್ರ್ಯಾಚುಯಿಟಿ ಸೇರಿದೆಯಾ, ನಾಲ್ಕೂ ಜನರದ್ದು ಸೇರಿದೆಯಾ ಅಂತ ಕೇಳಿ. ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಮಗೆ ಸೇರಿದೆ ಅಂತಲೇ ಹೇಳಿದ್ದರು. ಹಡಗು ಹತ್ತಿದ ಎರಡನೇ ದಿನ ಖಾತೆ ನೋಡಿದರೆ ನಾಲ್ಕು ಹೆಸರಿನ ಮುಂದೆಯೂ ಮೊತ್ತ ಏರುತ್ತಿತ್ತು. ಅಂದರೆ ಸೇರಿರಲಿಲ್ಲ. ಪ್ರವಾಸದ ಮಧ್ಯೆ ಅಷ್ಟು ದೊಡ್ಡ ಮೊತ್ತ ಮೇಲೆ ಬಿದ್ದರೆ ಮಕ್ಕಳ ಮುಂದೆ ಮುಖ ಸಣ್ಣದಾಗುತ್ತದೆ. ಅದು ಯಾರಿಗೂ ಬೇಡ.

ಮುಂಬೈನಿಂದ ಹೊರಡುವ ಹಡಗಿಗೂ ಇದೇ ಮಾತು. ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರಿಂದ ನಮ್ಮ ಪಶ್ಚಿಮ ಕರಾವಳಿಯಲ್ಲಿ ಓಡಾಡುತ್ತಿದೆ. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮುಂಬೈ ಸಿಎಸ್‌ಎಂಟಿ. ಅಲ್ಲಿಂದ ಬಲ್ಲಾರ್ಡ್ ಪಿಯರ್‌ನ ಕ್ರೂಸ್ ಟರ್ಮಿನಲ್ ತೀರಾ ಹತ್ತಿರ. ಎರಡು ರಾತ್ರಿಯ ಚಿಕ್ಕ ಪ್ರವಾಸವೇ ಆಗಲಿ, ದೇಶದೊಳಗಿನ ಪ್ರಯಾಣವೇ ಆಗಲಿ, ಬಿಲ್ಲಿನ ಸಾಲು ಓದದೆ ಹೊರಡಬೇಡಿ.

ಮಕ್ಕಳನ್ನು ಎಣಿಸಿದ್ದಾರಾ?

ನಮ್ಮಲ್ಲಿ ಬಸ್ಸಿಗೆ ಅರ್ಧ ಟಿಕೆಟ್, ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಸೀಟು ಬೇಡವೆಂದರೆ ಟಿಕೆಟ್ಟೇ ಇಲ್ಲ. ಹಾಗಾಗಿ ಮಗುವಿಗೂ ಪೂರ್ತಿ ಟಿಪ್ಸ್ ಅಂದಾಗ ಸಿಟ್ಟು ಬರುವುದು ಸಹಜ. ಹಡಗಿನ ಕಂಪನಿಗಳಲ್ಲಿ ಒಬ್ಬೊಬ್ಬರದ್ದು ಒಂದೊಂದು ನಿಯಮ. ರಾಯಲ್ ಕೆರಿಬಿಯನ್‌ನಲ್ಲಿ ವಯಸ್ಸಿನ ರಿಯಾಯಿತಿ ಇಲ್ಲ. ತೊಟ್ಟಿಲ ಕೂಸಿಗೂ ದೊಡ್ಡವರಷ್ಟೇ. ಕಾರ್ನಿವಲ್‌ನಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಇಲ್ಲ. ನಾರ್ವೀಜಿಯನ್‌ನಲ್ಲಿ ಮೂರು ವರ್ಷದೊಳಗಿನ ಮಗುವಿಗೆ ಇಲ್ಲ.

ಅಂಕಿ ಇಟ್ಟುಕೊಂಡೇ ನೋಡೋಣ. ರಾಯಲ್ ಕೆರಿಬಿಯನ್‌ನ ಸಾಮಾನ್ಯ ಕೋಣೆಗೆ ನಾನು ಲೆಕ್ಕ ಹಾಕಿದಾಗಿನ ದರ ದಿನಕ್ಕೆ, ತಲೆಗೆ 18.50 ಡಾಲರ್. ದೊಡ್ಡ ಸೂಟ್ ಕೋಣೆಗೆ 21 ಡಾಲರ್. ನಾಲ್ಕು ಜನ, ನಾಲ್ಕು ರಾತ್ರಿ: 18.50 ಅನ್ನು ಹದಿನಾರರಿಂದ ಗುಣಿಸಿದರೆ 296 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ 25,160 ರೂಪಾಯಿ. ಅದರಲ್ಲಿ ಅರ್ಧ ಇಬ್ಬರು ಮಕ್ಕಳದ್ದು. ಈ ದರಗಳು ಆಗಾಗ ಏರುತ್ತವೆ, ಡಾಲರ್ ಬೆಲೆಯೂ ಏರುತ್ತದೆ. ಬುಕ್ ಮಾಡುವ ದಿನದ ಅಂಕಿ ಹಾಕಿ ನಿಮ್ಮ ಮನೆಯ ಲೆಕ್ಕ ನೀವೇ ಮಾಡಿಕೊಳ್ಳಿ. ಪ್ರವಾಸದ ಖರ್ಚು ಅಂತ ತೆಗೆದಿಡುವ ಹಣದಲ್ಲಿ ಇದು ಮೊದಲ ದಿನದಿಂದಲೇ ಸೇರಿರಬೇಕು. ಮೊದಲೇ ಕಟ್ಟಿಬಿಡುವ ಅವಕಾಶ ಇದ್ದರೆ ಕಟ್ಟಿಬಿಡಿ, ಮನಸ್ಸು ಹಗುರ.

ಮಗುವಿಗೆ ಪೂರ್ತಿ ಯಾಕೆ ಅನ್ನುವುದಕ್ಕೆ ಉತ್ತರ ನನಗೆ ಎರಡನೇ ರಾತ್ರಿ ಸಿಕ್ಕಿತು. ಅಲೆ ಜೋರಿತ್ತು. ಮಗ ಮಲಗಿದ್ದವನು ಎದ್ದು ಹಾಸಿಗೆ ಮೇಲೆ, ಕೆಳಗಿನ ಕಾರ್ಪೆಟ್ ಮೇಲೆ ವಾಂತಿ ಮಾಡಿಕೊಂಡ. ಹೊತ್ತು ಮೀರಿತ್ತು. ಫೋನ್ ಮಾಡಲು ನನಗೆ ಸಂಕೋಚ. ಮಾಡಿದೆ. ಕೋಣೆ ನೋಡಿಕೊಳ್ಳುವ ತಮ್ಮ ಬಂದವನು ಮೊದಲು ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಟವೆಲ್ಲಿನಲ್ಲಿ ಆನೆ ಮಾಡಿಕೊಟ್ಟ. ಅಳು ನಿಂತಿತು. ಆಮೇಲೆ ಹಾಸಿಗೆ ಬದಲಿಸಿ, ಕಾರ್ಪೆಟ್ ಒರೆಸಿ, ವಾಂತಿಗೆ ಚೀಲಗಳನ್ನು ಇಟ್ಟು ಹೋದ. ಅವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಮಗು ಇರುವ ಕೋಣೆಯಲ್ಲಿ ದಿನಾ ರಾತ್ರಿ ಮೇಲಿನ ಮಂಚ ಇಳಿಸಬೇಕು, ಬೆಳಿಗ್ಗೆ ಎತ್ತಬೇಕು. ಬಿಸ್ಕತ್ತಿನ ಪುಡಿ, ಚೆಲ್ಲಿದ ಹಾಲು, ಒದ್ದೆ ಈಜುಬಟ್ಟೆ. ಮಗು ಅರ್ಧ ಆದರೂ ಕೆಲಸ ಅರ್ಧ ಆಗುವುದಿಲ್ಲ.

ಆ ಸಾಲನ್ನು ತೆಗೆಸಿಹಾಕಬೇಡಿ

ಬಹಳಷ್ಟು ಹಡಗುಗಳಲ್ಲಿ ಗೆಸ್ಟ್ ಸರ್ವೀಸ್ ಕೌಂಟರಿಗೆ ಹೋಗಿ ಕೇಳಿದರೆ ಈ ಮೊತ್ತ ಕಡಿಮೆ ಮಾಡುತ್ತಾರೆ, ಪೂರ್ತಿ ತೆಗೆಯುವುದೂ ಉಂಟು. ಪರಿಚಯದವರು ಇದನ್ನು ಉಳಿತಾಯದ ಉಪಾಯ ಅಂತ ಹೇಳಿಕೊಡುತ್ತಾರೆ. ಮಾಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಮ್ಮ ರಾಯಚೂರು, ಕೊಪ್ಪಳದ ಕಡೆ ಗುಳೆ ಹೋಗುವುದು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟರೆ ಬೆಂಗಳೂರು, ಪುಣೆ, ಮುಂಬೈ ಕಡೆ ದುಡಿಯಲು ಹೋಗುತ್ತಾರೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಹಡಗಿನ ಕೆಲಸದವರೂ ಹಾಗೆ ದೂರ ಬಂದವರೇ. ಫಿಲಿಪೈನ್ಸ್, ಇಂಡೋನೇಷ್ಯಾ, ನಮ್ಮ ಗೋವಾ, ಕೇರಳದವರು ಬಹಳ. ತಿಂಗಳುಗಟ್ಟಲೆ ಮನೆ ಮುಖ ನೋಡುವುದಿಲ್ಲ. 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ವಿಶ್ರಾಂತಿಗೆ ಒಂದು ಅಳತೆ ಇದೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ. ಉಳಿದ ಹೊತ್ತೆಷ್ಟು ಅಂತ ನೀವೇ ಎಣಿಸಿ. ವಾರಪೂರ್ತಿ ಕೆಲಸ, ಭಾನುವಾರದ ರಜೆ ಅಂತ ಇಲ್ಲ. ನಮ್ಮ ಕೋಣೆಯ ತಮ್ಮನಿಗೂ ಊರಲ್ಲಿ ನನ್ನ ಮಗನಷ್ಟೇ ವಯಸ್ಸಿನ ಮಗು ಇತ್ತು. ಫೋನಿನಲ್ಲಿ ಫೋಟೋ ತೋರಿಸಿದ. ಈ ಹಣ ಅವರ ದುಡಿಮೆಯ ಭಾಗ. ನಾವು ಧರ್ಮಕ್ಕೆ ಕೊಡುವುದಲ್ಲ.

ಸೇವೆ ನಿಜವಾಗಿ ಚೆನ್ನಾಗಿಲ್ಲದಿದ್ದರೆ? ಅದೇ ದಿನ ಕೌಂಟರಿಗೆ ಹೋಗಿ ಏನು ತಪ್ಪಾಯಿತು ಅಂತ ಹೇಳಿ, ಸರಿಮಾಡಿಸಿಕೊಳ್ಳಿ. ಒಬ್ಬರ ಮೇಲಿನ ಸಿಟ್ಟಿಗೆ ಪಾತ್ರೆ ತೊಳೆಯುವವರ ಪಾಲನ್ನೂ ಕತ್ತರಿಸುವುದು ನ್ಯಾಯವಲ್ಲ.

ಗೊತ್ತಿಲ್ಲದೆ ಎರಡು ಸಲ ಕೊಡಬೇಡಿ

ದಿನದ ಗ್ರ್ಯಾಚುಯಿಟಿ ಬೇರೆ. ಜ್ಯೂಸು, ಕೂಲ್‌ಡ್ರಿಂಕ್ಸು, ಸ್ಪಾ ಇವುಗಳ ಬಿಲ್ಲಿಗೆ ಸೇರುವ ಸೇವಾ ಶುಲ್ಕ ಬೇರೆ. ರಾಯಲ್ ಕೆರಿಬಿಯನ್‌ನಲ್ಲಿ ಪಾನೀಯಗಳ ಮೇಲೆ 18 ಶೇಕಡಾ ತಾನಾಗಿಯೇ ಸೇರುತ್ತದೆ. ಆ ಚೀಟಿಯ ಕೆಳಗೆ ಇನ್ನೂ ಒಂದು ಖಾಲಿ ಗೆರೆ ಇರುತ್ತದೆ, ಹೆಚ್ಚುವರಿ ಟಿಪ್ಸ್ ಬರೆಯಲು. ಅದು ಕಡ್ಡಾಯವಲ್ಲ. ಮೊದಲ ಸಂಜೆ ನನ್ನ ಗಂಡ ಅದನ್ನೂ ತುಂಬಲೇಬೇಕೇನೋ ಅಂತ ತುಂಬಿದರು. ಸಹಿ ಮಾಡುವ ಮುಂಚೆ ಚೀಟಿಯನ್ನು ಮೇಲಿಂದ ಕೆಳಗೆ ಓದಿ. ಗೆರೆ ಖಾಲಿ ಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಕ್ಕಳ ಕಾರ್ಡಿನ ಮೇಲೂ ಕಣ್ಣಿರಲಿ. ಹಡಗಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಡುತ್ತಾರೆ, ಕೋಣೆಯ ಬೀಗಕ್ಕೂ ಅದೇ, ಖರೀದಿಗೂ ಅದೇ. ಒಂಬತ್ತು ವರ್ಷದ ಹುಡುಗಿಗೆ ಕಾರ್ಡ್ ತೋರಿಸಿದರೆ ಬಣ್ಣಬಣ್ಣದ ಶರಬತ್ತು ಬರುತ್ತದೆ ಅಂತ ಗೊತ್ತಾದರೆ ಮುಗಿಯಿತು. ಪ್ರತಿ ಲೋಟಕ್ಕೂ ಬೆಲೆ, ಬೆಲೆಯ ಮೇಲೆ ಸೇವಾ ಶುಲ್ಕ. ಮಕ್ಕಳ ಕಾರ್ಡಿನಲ್ಲಿ ಖರೀದಿ ನಿಲ್ಲಿಸಿ ಅಂತ ಮೊದಲ ದಿನವೇ ಕೌಂಟರಿನಲ್ಲಿ ಹೇಳಿ. ಎರಡು ನಿಮಿಷದ ಕೆಲಸ.

ಮೇಲೆ ಕೊಡುವುದಿದ್ದರೆ ಯಾರಿಗೆ, ಎಷ್ಟು

ದಿನದ ಗ್ರ್ಯಾಚುಯಿಟಿ ಕಟ್ಟಿದ್ದರೆ ಅದಕ್ಕಿಂತ ಮೇಲೆ ಕೊಡುವುದು ಪೂರ್ತಿ ನಿಮ್ಮ ಇಷ್ಟ. ಕೊಡದಿದ್ದರೆ ತಪ್ಪಿಲ್ಲ. ಆದರೆ ಮಕ್ಕಳಿದ್ದ ಮನೆಯವರು ಸ್ವಲ್ಪ ಕೊಡುವುದು ಚೆಂದ ಅಂತ ನನ್ನ ಅನಿಸಿಕೆ. ನಾವು ನಾಲ್ಕು ರಾತ್ರಿಗೆ 50 ಡಾಲರ್ ತೆಗೆದಿಟ್ಟಿದ್ದೆವು. 85ರ ಲೆಕ್ಕದಲ್ಲಿ 4,250 ರೂಪಾಯಿ. ಕೋಣೆಯ ತಮ್ಮನಿಗೆ 20. ರಾತ್ರಿ ಊಟದ ಮೇಜಿನಲ್ಲಿ ಬಡಿಸುತ್ತಿದ್ದ ಇಬ್ಬರಿಗೆ ಹತ್ತು ಹತ್ತು. ಉಳಿದ ಹತ್ತನ್ನು ಒಂದೊಂದರ ನೋಟಾಗಿ ಕೈಯಲ್ಲಿ ಇಟ್ಟುಕೊಂಡೆವು, ರಾತ್ರಿ ಕೋಣೆಗೆ ಬಿಸಿ ಹಾಲು ತಂದುಕೊಟ್ಟವರಿಗೆ, ಭಾರದ ಪೆಟ್ಟಿಗೆ ಎತ್ತಿಕೊಟ್ಟವರಿಗೆ.

ಊಟದ ಮೇಜಿನವರ ಬಗ್ಗೆ ಒಂದು ಮಾತು. ನಾವು ಮೊಟ್ಟೆಯನ್ನೂ ತಿನ್ನದ ಮನೆಯವರು. ಮೊದಲ ರಾತ್ರಿ ಹೇಳಿದ್ದೊಂದೇ. ಮರುದಿನದಿಂದ ಮಗನಿಗೆ ಮೊಸರನ್ನ, ಮಗಳಿಗೆ ಖಾರ ಕಡಿಮೆಯ ದಾಲ್ ಕೇಳುವ ಮುಂಚೆಯೇ ಮೇಜಿಗೆ ಬರುತ್ತಿತ್ತು. ನಾನು ಬಿಸಿಬಿಸಿಯಾಗಿ ಉಂಡೆ. ಚಿಕ್ಕ ಮಕ್ಕಳ ತಾಯಂದಿರಿಗೆ ಇದರ ಬೆಲೆ ಗೊತ್ತು. ಮಗುವಿಗಾಗಿ ಇಂಥದ್ದೇನಾದರೂ ಬೇಕಿದ್ದರೆ ಬುಕಿಂಗಿನಲ್ಲೇ ತಿಳಿಸಿ, ಮೊದಲ ರಾತ್ರಿ ಹೆಡ್ ವೇಟರ್‌ಗೆ ಇನ್ನೊಮ್ಮೆ ಹೇಳಿ.

ಮಕ್ಕಳ ಕ್ಲಬ್ಬಿನ ಅಕ್ಕಂದಿರು, ಅಣ್ಣಂದಿರ ವಿಷಯ ಸ್ವಲ್ಪ ಬೇರೆ. ರಾಯಲ್ ಕೆರಿಬಿಯನ್‌ನಲ್ಲಿ ಮೂರು ವರ್ಷ ತುಂಬಿ ಡೈಪರ್ ಬಿಟ್ಟ ಮಕ್ಕಳನ್ನು ಅಲ್ಲಿ ಬಿಡಬಹುದು, ಹಗಲಿನ ಹೊತ್ತು ದುಡ್ಡು ಕೊಡಬೇಕಿಲ್ಲ. ಆದರೆ ದಿನದ ಗ್ರ್ಯಾಚುಯಿಟಿಯನ್ನು ಮುಖ್ಯವಾಗಿ ಹಂಚುವುದು ಊಟ, ಕೋಣೆ, ಅಡುಗೆ ವಿಭಾಗದವರಿಗೆ. ಹಾಗಂತ ನೋಟು ಹಿಡಿದು ಕ್ಲಬ್ಬಿಗೆ ನುಗ್ಗಬೇಡಿ. ಮಕ್ಕಳನ್ನು ನೋಡಿಕೊಳ್ಳುವವರು ಹಣ ತೆಗೆದುಕೊಳ್ಳಬಾರದು ಅಂತ ಕೆಲವು ಕಡೆ ನಿಯಮ ಇರುತ್ತದೆ. ಕೊಡಬಹುದಾ ಅಂತ ಕೌಂಟರಿನಲ್ಲಿ ಕೇಳಿ. ಬೇಡ ಅಂದರೆ ಅವರ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಬರೆದುಕೊಳ್ಳಿ. ಪ್ರವಾಸ ಮುಗಿದ ಮೇಲೆ ಕಂಪನಿ ಕಳಿಸುವ ಅಭಿಪ್ರಾಯ ಪತ್ರದಲ್ಲಿ ಆ ಹೆಸರು ಹಾಕಿ ಎರಡು ಸಾಲು ಬರೆಯಿರಿ. ಮೇಲಿನವರ ಕಣ್ಣಿಗೆ ಬೀಳುವ ಮಾತು ಅದು. ನನ್ನ ಮಗಳು ಹಡಗಿನ ಚಿತ್ರ ಬರೆದು ಕೊಟ್ಟಳು. ಆ ಹುಡುಗಿ ಅದನ್ನು ಗೋಡೆಗೆ ಅಂಟಿಸಿಕೊಂಡಳು.

ಮನೆಯ ತಿಂಡಿ ಕೊಡೋಣ ಅನ್ನುವವರಿದ್ದಾರೆ. ಮನೆಯಲ್ಲಿ ಮಾಡಿದ ತಿನಿಸನ್ನು ಹಡಗಿನೊಳಗೆ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಬಾಗಿಲಲ್ಲೇ ಬಿಟ್ಟು ಬರಬೇಕಾದರೆ ಹೊಟ್ಟೆ ಉರಿಯುತ್ತದೆ.

ಸಣ್ಣ ನೋಟು ಊರಲ್ಲೇ ಹೊಂದಿಸಿ

ಬ್ಯಾಂಕಿಗೋ ಪರವಾನಗಿ ಇರುವ ಹಣ ಬದಲಾವಣೆಯವರಿಗೋ ಎರಡು ವಾರ ಮುಂಚೆ ಹೇಳಿ. ಒಂದು, ಐದು, ಹತ್ತರ ನೋಟೇ ಬೇಕು ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ನೂರರ ನೋಟು ಕೊಟ್ಟು ಕಳಿಸುತ್ತಾರೆ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ಜೊತೆಗಿರಲಿ. ಒಂದು ಪ್ರವಾಸಕ್ಕೆ ಒಬ್ಬರು 3,000 ಡಾಲರ್‌ವರೆಗೆ ನಗದು ಒಯ್ಯಬಹುದು, ಟಿಪ್ಸಿಗೆ ಅಷ್ಟೆಲ್ಲ ಬೇಕಿಲ್ಲ. ರೂಪಾಯಿ ನಗದನ್ನು ದೇಶದ ಹೊರಗೆ ಒಯ್ಯಲು ಮಿತಿ 25,000.

ಹರಿದ, ಗೀಚಿದ ಡಾಲರ್ ನೋಟು ತೆಗೆದುಕೊಳ್ಳಬೇಡಿ, ಮುಂದೆ ಯಾರೂ ಇಸಿದುಕೊಳ್ಳುವುದಿಲ್ಲ. ನಾಣ್ಯದಲ್ಲಿ ಟಿಪ್ಸ್ ಕೊಡಬೇಡಿ. ಬೇರೆ ದೇಶದ ಚಿಲ್ಲರೆಯನ್ನು ಪಾಪ ಅವರು ಎಲ್ಲಿ ಬದಲಿಸಬೇಕು? ರೂಪಾಯಿ ನೋಟು ನಮ್ಮ ದೇಶದ ಹುಡುಗರಿಗಾದರೆ ನಡೆಯುತ್ತದೆ, ಮನಿಲಾದವರಿಗೆ ಅದರಿಂದ ಉಪಯೋಗವಿಲ್ಲ.

ಮಕ್ಕಳ ಕೈಯಿಂದಲೇ ಕೊಡಿಸಿ

ನನ್ನ ತವರು ಕೊಪ್ಪಳ. ಪ್ರತಿ ವರ್ಷ ಜನವರಿಯಲ್ಲಿ ಗವಿಮಠದ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಮಹಾದಾಸೋಹದಲ್ಲಿ ಅವರಿಬ್ಬರೂ ಉಂಡಿದ್ದಾರೆ. ಹಾಗಾಗಿ ಮಗಳು ಕೇಳಿದಳು: "ಅಮ್ಮಾ, ಅಜ್ಜನ ಜಾತ್ರೆಯಲ್ಲಿ ಬಡಿಸಿದವರಿಗೆ ನಾವು ರೊಕ್ಕ ಕೊಡಲಿಲ್ಲ. ಇಲ್ಲಿ ಯಾಕೆ?"

ಮಕ್ಕಳ ಇಂಥ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅಲ್ಲಿ ಬಡಿಸುವವರು ತಮ್ಮ ಮನೆ, ಹೊಲ ಬಿಟ್ಟು ಭಕ್ತಿಯಿಂದ ಎರಡು ದಿನ ಬಂದಿರುತ್ತಾರೆ, ಹಣ ಕೊಟ್ಟರೆ ನೊಂದುಕೊಳ್ಳುತ್ತಾರೆ ಅಂದೆ. ಇಲ್ಲಿನವರಿಗೆ ಇದೇ ಹೊಟ್ಟೆಪಾಡು, ಈ ಹಣದಲ್ಲೇ ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ ಅಂದೆ. ಅವಳಿಗೆ ಅರ್ಥವಾಯಿತು. ಆಮೇಲೆ ಯಾರಿಗೆ ಎಷ್ಟು ಅಂತ ಲೆಕ್ಕ ಬರೆದವಳು ಅವಳೇ.

ಲಕೋಟೆಗೆ ನಾವು ಮನೆಯಿಂದ ಮದುವೆ ಮುಯ್ಯಿಯ ಕವರ್ ತಂದಿದ್ದೆವು, ಒಂದು ರೂಪಾಯಿ ನಾಣ್ಯ ಅಂಟಿಸಿರುವುದು. ಆ ನಾಣ್ಯ ಯಾಕೆ ಅಂತ ಕೋಣೆಯ ತಮ್ಮ ಕೇಳಿದ. ಶುಭ ಆಗಲಿ ಅಂತ ನಮ್ಮ ಊರಲ್ಲಿ ಒಂದು ಸೇರಿಸಿ ಕೊಡುತ್ತೇವೆ ಅಂತ ಮಗಳು ತನ್ನ ಇಂಗ್ಲಿಷಿನಲ್ಲಿ ವಿವರಿಸಿದಳು. ಅವನು ಕವರನ್ನು ಹರಿಯದೆ, ನಾಣ್ಯ ಹಾಗೇ ಇರುವಂತೆ ಮಡಚಿ ಜೇಬಿಗಿಟ್ಟ.

ಕೊಡಿಸುವಾಗ ಇಷ್ಟು ಗಮನಿಸಿ. ಮಗು ಅವರ ಮುಖ ನೋಡಿ, ಹೆಸರು ಹಿಡಿದು ಥ್ಯಾಂಕ್ಸ್ ಹೇಳಲಿ. ಬಲಗೈಯಲ್ಲಿ ಕೊಡಲಿ. ಎಷ್ಟು ಇದೆ ಅಂತ ಜೋರಾಗಿ ಹೇಳದಿರಲಿ. ನೀವು ಫೋಟೋ ತೆಗೆಯಲು ಹೋಗಬೇಡಿ, ತೆಗೆದುಕೊಳ್ಳುವವರಿಗೆ ಮುಜುಗರ. ಮಗು ನಾಚಿಕೊಂಡು ಹಿಂದೆ ಸರಿದರೆ ಒತ್ತಾಯ ಬೇಡ, ನೀವೇ ಕೊಡಿ. ನಮ್ಮ ಮಗ ನನ್ನ ಸೆರಗಿನ ಹಿಂದೆಯೇ ನಿಂತಿದ್ದ.

ಕೊನೆಯ ಸಂಜೆ

ಲಕೋಟೆ ಕೊಡಲು ಕೊನೆಯ ಸಂಜೆಯೇ ಸರಿ. ಇಳಿಯುವ ಬೆಳಿಗ್ಗೆ ಅವರು ಮುಂದಿನ ಪ್ರಯಾಣಿಕರಿಗೆ ಕೋಣೆ ಸಿದ್ಧಮಾಡುವ ಗಡಿಬಿಡಿಯಲ್ಲಿರುತ್ತಾರೆ, ಸಿಗುವುದೇ ಕಷ್ಟ. ಊಟದ ಮೇಜಿನವರಿಗೆ ಕೊನೆಯ ರಾತ್ರಿ ಊಟ ಮುಗಿದಾಗ ಕೊಡಿ. ದೊಡ್ಡ ಪೆಟ್ಟಿಗೆಗಳನ್ನು ಆ ರಾತ್ರಿಯೇ ಕೋಣೆಯ ಹೊರಗೆ ಇಡಲು ಹೇಳುತ್ತಾರೆ. ಲಕೋಟೆಗಳು ಅದರೊಳಗೆ ಹೋಗದ ಹಾಗೆ ಮೊದಲೇ ಕೈಚೀಲಕ್ಕೆ ಹಾಕಿಕೊಳ್ಳಿ. ಮಗುವಿನ ಒಂದು ಜೊತೆ ಬಟ್ಟೆಯೂ ಅದರಲ್ಲೇ ಇರಲಿ.

ಮಲಗುವ ಮುಂಚೆ ಖಾತೆಯ ಪೂರ್ತಿ ಪಟ್ಟಿ ನೋಡಿ. ಗ್ರ್ಯಾಚುಯಿಟಿ ಎಷ್ಟು ದಿನದ್ದು, ಎಷ್ಟು ತಲೆಗೆ ಹಾಕಿದ್ದಾರೆ ಅಂತ ಎಣಿಸಿ. ಮೊದಲೇ ಕಟ್ಟಿದ್ದವರಿಗೆ ಮತ್ತೆ ಬಂದಿದ್ದರೆ ಆಗಲೇ ಕೌಂಟರಿಗೆ ಹೋಗಿ ರಸೀದಿ ತೋರಿಸಿ. ಬೆಳಿಗ್ಗೆ ಅಲ್ಲಿ ಉದ್ದ ಸಾಲು ಇರುತ್ತದೆ, ನಿದ್ದೆಗಣ್ಣಿನ ಮಕ್ಕಳನ್ನು ಹಿಡಿದುಕೊಂಡು ನಿಲ್ಲಲು ಆಗುವುದಿಲ್ಲ.

ಇಳಿದ ಮೇಲೆ ಸಿಂಗಾಪುರದಲ್ಲಿ ಟ್ಯಾಕ್ಸಿಯವರಿಗೆ ಟಿಪ್ಸ್ ಕೊಡುವ ರೂಢಿ ಇಲ್ಲ, ಹೋಟೆಲುಗಳಲ್ಲಿ ಸಾಮಾನ್ಯವಾಗಿ 10 ಶೇಕಡಾ ಸೇವಾ ಶುಲ್ಕ ಬಿಲ್ಲಿನಲ್ಲೇ ಇರುತ್ತದೆ. ಮುಂಬೈನಲ್ಲಿ ಇಳಿಯುವವರು ಸಿಎಸ್‌ಎಂಟಿಯಲ್ಲಿ ಹಮಾಲರಿಗೆ ಬೇಕಾಗುತ್ತದೆ ಅಂತ ರೂಪಾಯಿಯ ನೂರು, ಐವತ್ತರ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ. ಪೆಟ್ಟಿಗೆ ಎತ್ತುವ ಮುಂಚೆಯೇ ಎಷ್ಟು ಅಂತ ಮಾತಾಡಿಕೊಳ್ಳಿ, ಮಗುವಿನ ಕೈ ಮಾತ್ರ ಬಿಡಬೇಡಿ.